ಮಣ್ಣಿನ ಮೈಲಿಗೆ ಮಂತ್ರಕ್ಕೆ ಹೋಗದು

ಬಸವ ಜಯಂತಿಗೆ ಸಸಿ ನೆಡುತ್ತೇವೆ, ಪೂಜ್ಯರ ಪುಣ್ಯಸ್ಮರಣೆಗೆ ಸಸಿ ನೆಡುತ್ತೇವೆ, ಶ್ರಾವಣದ ಪ್ರವಚನ ಮುಗಿದ ದಿನವೂ ಸಸಿ ನೆಡುತ್ತೇವೆ. ಹಿಂದೆ ಕಾಯಿ ಒಡೆದು ಕಾರ್ಯಕ್ರಮ ಆರಂಭಿಸುತ್ತಿದ್ದವರು ಈಗ ಕುಂಡಕ್ಕೆ ನೀರೆರೆದು ಆರಂಭಿಸುತ್ತೇವೆ. ಕಾಯಿಗಿಂತ ಸಸಿ ಒಳ್ಳೆಯದೇ, ನನ್ನ ತಕರಾರಿಲ್ಲ. ಆದರೆ ಆ ಸಸಿಯನ್ನು ಯಾವ ಮಣ್ಣಿಗೆ ನೆಟ್ಟೆವು, ಆ ಮಣ್ಣಿನಲ್ಲಿ ಏನಿದೆ, ಅದು ಬದುಕಿತೇ ಎಂದು ಮರುವರ್ಷ ಯಾರಾದರೂ ಹೋಗಿ ನೋಡಿದ್ದು ನಾನು ಕಂಡಿಲ್ಲ. ನೋಡದೆ ಮಾಡುವ ಕೆಲಸಕ್ಕೆ ಶರಣರು ಇಟ್ಟ ಹೆಸರು ಡಂಬ.

ನಮ್ಮ ಧರ್ಮ ಪಂಚಸೂತಕಗಳನ್ನು ಒಪ್ಪುವುದಿಲ್ಲ. ಹುಟ್ಟಿದರೆ, ಸತ್ತರೆ, ಹೆಣ್ಣು ಹೊರಗಾದರೆ, ಎಂಜಲಾದರೆ, ಕೆಳಜಾತಿಯೆನಿಸಿಕೊಂಡವರು ಮುಟ್ಟಿದರೆ ಮೈಲಿಗೆ ಎನ್ನುವುದನ್ನು ಹನ್ನೆರಡನೆಯ ಶತಮಾನದಲ್ಲೇ ಬಸವಾದಿ ಶರಣರು ತಿರಸ್ಕರಿಸಿದರು. ಇಲ್ಲದ ಮೈಲಿಗೆಯನ್ನು ಇದೆ ಎನ್ನಬಾರದು ಎಂಬುದು ಆ ಮಾತಿನ ಒಂದು ಮುಖ. ಇನ್ನೊಂದು ಮುಖವನ್ನು ನಾವು ಮರೆತಿದ್ದೇವೆ: ನಿಜವಾಗಿ ಇರುವ ಮೈಲಿಗೆಯನ್ನು ಇಲ್ಲ ಎನ್ನಲೂಬಾರದು. ಮಣ್ಣಿಗೆ ಸೇರಿದ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಸಮುದ್ರದ ಉಪ್ಪು ಇವು ನಿಜವಾದ ಮೈಲಿಗೆ. ಇದಕ್ಕೆ ಜಾತಿಯಿಲ್ಲ. ತೀರ್ಥ ಚಿಮುಕಿಸಿದರೆ ಹೋಗುವುದಿಲ್ಲ. ಸುಮ್ಮನೆ ಸಸಿ ನೆಟ್ಟರೂ ಹೋಗುವುದಿಲ್ಲ.

ಇದನ್ನು ನಾನು ಉಡುಪಿ ಜಿಲ್ಲೆಯಿಂದ ಬರೆಯುತ್ತಿದ್ದೇನೆ. ಇಲ್ಲಿ ಲಿಂಗಾಯತರು ಕಡಿಮೆ. ಕೆಳದಿ ಅರಸರ ಕಾಲದಿಂದ ಉಳಿದ ಕೆಲವು ಮನೆತನಗಳು, ನೌಕರಿಗೆ ಬಂದ ನನ್ನಂಥ ಕೆಲವರು, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಕೂಲಿಗೆ ಬಂದು ಉಡುಪಿ, ಮಣಿಪಾಲದ ಕಟ್ಟಡಗಳನ್ನು ಎಬ್ಬಿಸಿದ ನಮ್ಮ ಜನ. ಆದರೂ ಈ ಪತ್ರಿಕೆ ತಲುಪುವ ಎಲ್ಲ ಊರಿಗೂ ಇಲ್ಲಿಯ ಮಣ್ಣಿನ ಕಥೆ ಸಂಬಂಧಪಟ್ಟದ್ದೇ ಎಂದು ಭಾವಿಸಿ ಬರೆಯುತ್ತಿದ್ದೇನೆ.

ಕಾಪು ತಾಲ್ಲೂಕಿನ ಎಲ್ಲೂರಿನಲ್ಲಿ 1200 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಇದೆ. ಕಲ್ಲಿದ್ದಲು ಹೊರದೇಶದಿಂದ ಬರುತ್ತದೆ, ತಂಪುಗೊಳಿಸಲು ಸಮುದ್ರದ ನೀರು ಕೊಳವೆಯಲ್ಲಿ ಬರುತ್ತದೆ. ಸುತ್ತಲಿನ ಊರಿನವರ ದೂರು ಎರಡು: ಹೊಲ, ಮಲ್ಲಿಗೆ ಗಿಡ, ತೆಂಗಿನ ಗರಿಗಳ ಮೇಲೆ ಬೂದಿ ಬೀಳುತ್ತದೆ, ಬಾವಿಯ ನೀರು ಉಪ್ಪಾಗಿದೆ. ನಂದಿಕೂರು ಜನಜಾಗೃತಿ ಸಮಿತಿಯವರು ವರ್ಷಗಟ್ಟಲೆ ನ್ಯಾಯಾಲಯ ಸುತ್ತಿದರು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮಾರ್ಚ್‌ನಲ್ಲಿ ಮಧ್ಯಂತರವಾಗಿ 5 ಕೋಟಿ ರೂಪಾಯಿ ಠೇವಣಿ ಇಡಲು ಕಂಪನಿಗೆ ಹೇಳಿತು. 2022ರ ಮೇ ಕೊನೆಗೆ ಅದರ ಚೆನ್ನೈ ಪೀಠ, ಪರಿಸರ ಪರಿಹಾರವಾಗಿ 52 ಕೋಟಿಗೂ ಹೆಚ್ಚು ಕಟ್ಟಬೇಕೆಂದು ಆದೇಶಿಸಿತು. ಕಾನೂನಿನ ವಾದ ಪ್ರತಿವಾದ ವಕೀಲರಿಗಿರಲಿ. ನನ್ನ ಪ್ರಶ್ನೆ ಸಣ್ಣದು: ಹಣ ಕಟ್ಟಿದ ಮೇಲೂ ಮಣ್ಣು ಅಲ್ಲೇ ಇರುತ್ತದೆ. ಅದನ್ನು ಏನು ಮಾಡುವುದು?

ಆ ಕಡೆಯ ಮಲ್ಲಿಗೆ ಬೆಳೆಗಾರರೊಬ್ಬರು ನನ್ನನ್ನು ಕೇಳಿದ್ದು ಇದನ್ನೇ. "ಗಿಡ ನೆಟ್ರೆ ಮಣ್ಣು ಕ್ಲೀನ್ ಆಗ್ತದಂತೆ ಹೌದಾ ಮಾರಾಯ್ರೆ? ಹಾಗಾದ್ರೆ ನಮ್ಮ ಗಿಡ ಯಾಕೆ ಸಾಯ್ತದೆ?" ಎಂದರು. ಇದಕ್ಕೆ ಹೌದು ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲಾಗುವುದಿಲ್ಲ. ಮೊದಲು ಮಣ್ಣು ಯಾವುದರಿಂದ ಕೆಟ್ಟಿದೆ ಎಂದು ತಿಳಿಯಬೇಕು. ಉಪ್ಪಿನ ಚಿಕಿತ್ಸೆ ಬೇರೆ, ಲೋಹದ ಚಿಕಿತ್ಸೆ ಬೇರೆ, ಕೀಟನಾಶಕದ್ದು ಮತ್ತೂ ಬೇರೆ.

ಉಪ್ಪಿನ ವಿಚಾರ ನಮ್ಮ ಸಿಂಧನೂರು, ಗಂಗಾವತಿ, ಜಮಖಂಡಿ ಕಡೆಯ ರೈತ ಭಕ್ತರಿಗೆ ಹೇಳಿಕೊಡಬೇಕಿಲ್ಲ. ಕಾಲುವೆ ನೀರು ಹೆಚ್ಚಾಗಿ ಸವಳು-ಜವಳಾದ ಭೂಮಿಯನ್ನು ಅವರು ಕಣ್ಣಾರೆ ಕಂಡವರು. ಬಸಿಗಾಲುವೆ ತೆಗೆಯಬೇಕು, ಸೋಡಿಯಂ ಹೆಚ್ಚಿದ್ದರೆ ಜಿಪ್ಸಂ ಹಾಕಬೇಕು, ಡಯಾಂಚ ಬಿತ್ತಿ ಹೂಬಿಡುವ ಮೊದಲು ಮಣ್ಣಿಗೆ ಮಗುಚಬೇಕು, ಆಮೇಲೆ ಸಿಹಿನೀರು ಬಿಟ್ಟು ಉಪ್ಪನ್ನು ಕೆಳಕ್ಕೆ ಇಳಿಸಬೇಕು. ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ಮಣ್ಣಿನ ಕಣಕ್ಕೆ ಅಂಟಿದ ಸೋಡಿಯಂ ಅನ್ನು ಕಿತ್ತು ಅದರ ಜಾಗದಲ್ಲಿ ಕೂರುತ್ತದೆ. ಕಿತ್ತುಬಂದ ಸೋಡಿಯಂ ನೀರಿನೊಡನೆ ಹೋಗುತ್ತದೆ. ಆ ಕಡೆಯ ಕಷ್ಟವೆಂದರೆ ತೊಳೆಯಲು ಸಿಹಿನೀರೇ ಇಲ್ಲದಿರುವುದು. ಉಡುಪಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸಿನ ಮಳೆ. ಸೋರಿಕೆ ನಿಂತು, ನೀರು ಬಸಿದುಹೋಗಲು ದಾರಿಯಿದ್ದರೆ ಹೊಲದ ಮೇಲ್ಮಣ್ಣಿನ ಉಪ್ಪನ್ನು ತೊಳೆಯುವ ಕೆಲಸದಲ್ಲಿ ಹೆಚ್ಚು ಪಾಲನ್ನು ಮಳೆಯೇ ಮಾಡಿಕೊಡುತ್ತದೆ. ಹಾಗಾಗಿ ಇಲ್ಲಿ ಉಪ್ಪು ವರ್ಷದಿಂದ ವರ್ಷಕ್ಕೆ ಉಳಿಯುತ್ತಿದೆ ಎಂದರೆ ಅದು ಎಲ್ಲಿಂದಲೋ ಹೊಸದಾಗಿ ಬಂದು ಸೇರುತ್ತಿದೆ ಎಂದೇ ಅನುಮಾನಿಸಬೇಕು. ಗಿಡ ನೆಡುವ ಮೊದಲು ಅದು ಬರುವ ದಾರಿ ಹುಡುಕಬೇಕು.

ಉಪ್ಪು ತಡೆಯುವ ಬೆಳೆ ಬೆಳೆಯಿರಿ ಎಂದು ಸಲಹೆ ಕೊಡುವವರಿದ್ದಾರೆ. ಅಘನಾಶಿನಿಯ ಗಜನಿಗಳಲ್ಲಿ ಕಗ್ಗ ಭತ್ತ ಉಪ್ಪುನೀರಿನಲ್ಲೂ ಬೆಳೆಯುತ್ತದೆ, ನಿಜ. ಅದು ಹೊಳೆ ಮತ್ತು ಕಡಲು ಸೇರುವಲ್ಲಿ ತಲೆಮಾರುಗಳ ರೈತರು ಆರಿಸಿ ಉಳಿಸಿಕೊಂಡ ತಳಿ. ಕಗ್ಗ ಉಪ್ಪನ್ನು ಸಹಿಸುತ್ತದೆ, ತೆಗೆಯುವುದಿಲ್ಲ. ಬೇರೆಯವರ ಕೊಳವೆ ಸೋರಿದ್ದಕ್ಕೆ ಎಲ್ಲೂರಿನ ರೈತ ತನ್ನ ಬೆಳೆಯನ್ನೇ ಬದಲಿಸಿಕೊಂಡು ಸಹಿಸಬೇಕು ಎನ್ನುವುದು ಕೃಷಿ ಸಲಹೆಯಾಗಲಾರದು. ಶಂಕರಪುರದ ಮಲ್ಲಿಗೆಗೂ ಮಟ್ಟು ಗುಳ್ಳಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಎರಡೂ ಈ ಕಾಪು ತಾಲ್ಲೂಕಿನವೇ. ಈ ಮಣ್ಣು ಕೆಟ್ಟರೆ ಬೇರೆ ಊರಿಗೆ ಒಯ್ದು ಬೆಳೆಯಲಾಗದ ಬೆಳೆಗಳು ಇವು.

ಇನ್ನು ಲೋಹಗಳು. ಕಲ್ಲಿದ್ದಲಿನ ಹಾರುಬೂದಿಯಲ್ಲಿ ಆರ್ಸೆನಿಕ್, ಸೀಸ, ಕ್ರೋಮಿಯಂ, ಬೋರಾನ್ ಮುಂತಾದವು ಸ್ವಲ್ಪ ಸ್ವಲ್ಪ ಇರುತ್ತವೆ. ಎಷ್ಟು ಎನ್ನುವುದು ಕಲ್ಲಿದ್ದಲಿನ ಮೇಲೆ ಹೋಗುತ್ತದೆ. ಉಪ್ಪಿನಂತೆ ಇವು ಮಳೆಗೆ ಸುಲಭವಾಗಿ ತೊಳೆದುಹೋಗುವುದಿಲ್ಲ. ಕೀಟನಾಶಕವಾದರೆ ಗೊಬ್ಬರದಲ್ಲಿರುವ ಸೂಕ್ಷ್ಮಜೀವಿಗಳು ನಿಧಾನವಾಗಿಯಾದರೂ ಅದನ್ನು ಒಡೆದುಹಾಕುತ್ತವೆ. ಕಾಸರಗೋಡು, ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೂಡ ಮಣ್ಣಿನಲ್ಲಿ ಕಾಲಕ್ರಮೇಣ ಕರಗುವಂಥದ್ದು, ಮನುಷ್ಯರ ಮೈಯಲ್ಲಿ ಅದು ಮಾಡಿದ ಗಾಯ ಕರಗದಿದ್ದರೂ. ಲೋಹ ಹಾಗಲ್ಲ. ಸೀಸವನ್ನು ಯಾವ ಜೀವಾಣುವೂ ಒಡೆಯಲಾರದು. ಅದನ್ನು ಹೊರಗೆ ತೆಗೆಯಬೇಕು, ಇಲ್ಲವೇ ಇದ್ದಲ್ಲೇ ಕಟ್ಟಿಹಾಕಬೇಕು.

ತೆಗೆಯುವ ಗಿಡಗಳಿವೆ. ನಮ್ಮ ಹಳೆಯ ಬಾವಿಗಳ ಕಲ್ಲುಸಂದಿಯಲ್ಲಿ, ಸುಣ್ಣದ ಗಾರೆಯ ಗೋಡೆಗಳಲ್ಲಿ ಬೆಳೆಯುವ ಒಂದು ಜರೀಗಿಡ ಆರ್ಸೆನಿಕ್ ಅನ್ನು ಮಣ್ಣಿನಿಂದ ಹೀರಿ ಎಲೆಯಲ್ಲಿ ಕೂಡಿಡುತ್ತದೆ ಎಂದು 2001ರಲ್ಲಿ ಅಮೆರಿಕದ ಫ್ಲಾರಿಡಾದ ವಿಜ್ಞಾನಿಗಳು ತೋರಿಸಿದರು. ಪ್ಟೆರಿಸ್ ವಿಟ್ಟಾಟ ಎಂದು ಅದರ ಶಾಸ್ತ್ರೀಯ ಹೆಸರು. ಚೆರ್ನೋಬಿಲ್ ದುರಂತದ ನಂತರ ಅಲ್ಲಿಯ ಒಂದು ಕೊಳದಲ್ಲಿ ಸೂರ್ಯಕಾಂತಿಯನ್ನು ತೆಪ್ಪದ ಮೇಲೆ ಬೆಳೆಸಿ ವಿಕಿರಣ ವಸ್ತುಗಳನ್ನು ಬೇರಿನಿಂದ ಹೀರಿಸಿದ್ದರು. ಸಾಸಿವೆಗೂ ಕ್ಯಾಡ್ಮಿಯಂನಂಥ ಲೋಹಗಳನ್ನು ಎತ್ತುವ ಗುಣವಿದೆ. ಕೇಳಲು ಪವಾಡದಂತಿದೆ. ಪವಾಡವೆಂದರೆ ನಮಗೆ ಮೊದಲಿನಿಂದಲೂ ಅನುಮಾನ, ಆದ್ದರಿಂದ ಲೆಕ್ಕ ಹಾಕೋಣ.

ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 900 ಟನ್ ತೂಗುತ್ತದೆ. ಅದರ ಪ್ರತಿ ಟನ್ನಿನಲ್ಲಿ ಇರಬೇಕಾದ್ದಕ್ಕಿಂತ 2 ಗ್ರಾಂ ಕ್ಯಾಡ್ಮಿಯಂ ಹೆಚ್ಚಿದೆ ಎಂದಿಟ್ಟುಕೊಳ್ಳಿ. ತೆಗೆಯಬೇಕಾದ್ದು 1800 ಗ್ರಾಂ ಆಯಿತು. ಎಕರೆಗೆ 4 ಟನ್ ಒಣಸೊಪ್ಪೆ ಕೊಡುವ ಬೆಳೆ ಟನ್ನಿಗೆ 50 ಗ್ರಾಂನಂತೆ ಹೀರಿತು ಎಂದು ಉದಾರವಾಗಿಯೇ ಹಿಡಿಯೋಣ. ಬೆಳೆಗೆ 200 ಗ್ರಾಂ. ವರ್ಷಕ್ಕೊಂದು ಬೆಳೆಯಾದರೆ ಒಂಬತ್ತು ವರ್ಷ. ಆಗದ ಕೆಲಸವೇನಲ್ಲ, ತಾಳ್ಮೆ ಬೇಕು. ಈಗ ಸೀಸ ನೋಡಿ. ಟನ್ನಿಗೆ 300 ಗ್ರಾಂ ಹೆಚ್ಚಿದ್ದರೆ ಎಕರೆಗೆ 270 ಕಿಲೋ. ಗಿಡ ಟನ್ನಿಗೆ 100 ಗ್ರಾಂ ಹೀರಿದರೂ ಬೆಳೆಗೆ 400 ಗ್ರಾಂ ಮಾತ್ರ. ಆರುನೂರು ವರ್ಷ ದಾಟುತ್ತದೆ. ಕಲ್ಯಾಣದ ಕ್ರಾಂತಿಯಿಂದ ನಮಗಿರುವ ದೂರದ ಮುಕ್ಕಾಲು ಪಾಲು! ಸೀಸದ ಮಣ್ಣಿಗೆ ಗಿಡ ನೆಟ್ಟು ಶುದ್ಧ ಮಾಡುತ್ತೇವೆ ಎಂದು ಯಾರಾದರೂ ಬಂದರೆ ಈ ಲೆಕ್ಕವನ್ನು ಮುಂದಿಡಿ.

ಇನ್ನೂ ಒಂದು ಮಾತು. ಗಿಡ ಹೀರಿದ ವಿಷ ಎಲ್ಲಿಗೂ ಹೋಗಿರುವುದಿಲ್ಲ, ಎಲೆಯಲ್ಲಿ ಇರುತ್ತದೆ. ಕೊಯ್ಯದೆ ಬಿಟ್ಟರೆ ಎಲೆ ಉದುರಿ ಮತ್ತೆ ಅದೇ ಮಣ್ಣು. ಕೊಯ್ದು ಬದುವಿಗೆ ಹಾಕಿದರೆ ಪಕ್ಕದವರ ಮಣ್ಣು. ದನ ತಿಂದರೆ ಹಾಲು. ಒಲೆಗೆ ಹಾಕಿದರೆ ಹೊಗೆ ಮತ್ತು ಬೂದಿ. ಕೊಯ್ದದ್ದನ್ನು ಒಣಗಿಸಿ, ಚೀಲಕ್ಕೆ ತುಂಬಿ, ಅಪಾಯಕಾರಿ ತ್ಯಾಜ್ಯ ಒಪ್ಪಿಕೊಳ್ಳುವ ಜಾಗಕ್ಕೆ ಮುಟ್ಟಿಸಬೇಕು. ನೆಡುವ ದಿನ ಫೋಟೊಕ್ಕೆ ಎಲ್ಲರೂ ಬರುತ್ತಾರೆ. ಕೊಯ್ದು ಸಾಗಿಸುವ ದಿನ ಯಾರು ಬರುತ್ತಾರೆ, ಯಾರ ಖರ್ಚಿನಲ್ಲಿ? ಈ ಪ್ರಶ್ನೆಗೆ ಉತ್ತರ ಬರೆದುಕೊಳ್ಳದೆ ಮೊದಲ ಸಸಿ ನೆಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನುಲಿಯ ಚಂದಯ್ಯ ಶರಣರ ಪ್ರಸಂಗ ನಮಗೆಲ್ಲ ಗೊತ್ತು. ಹುಲ್ಲು ಕೊಯ್ಯುವಾಗ ಲಿಂಗ ನೀರಿಗೆ ಜಾರಿದರೂ ಅವರು ಕಾಯಕ ನಿಲ್ಲಿಸಲಿಲ್ಲ. ಪ್ರವಚನಗಳಲ್ಲಿ ನಾವು ಲಿಂಗ ಜಾರಿದ್ದನ್ನೇ ಹೆಚ್ಚು ಹೇಳುತ್ತೇವೆ. ಅವರು ಕೊಯ್ದರು, ಹೊತ್ತು ತಂದರು, ಹೊಸೆದರು, ಮಾರಿದರು, ಬಂದದ್ದನ್ನು ದಾಸೋಹಕ್ಕೆ ಕೊಟ್ಟರು ಎಂಬ ಪೂರ್ತಿ ಸರಣಿಯಲ್ಲಿ ಕಾಯಕ ಇದೆ. ನೆಟ್ಟು ಬಿಟ್ಟರೆ ಅದು ಅರ್ಧ ಕಾಯಕ.

ತೆಗೆಯಲಾಗದ ಕಡೆ ಕಟ್ಟಿಹಾಕುವುದು ಎಂದೆ. ಇದು ಕಡಿಮೆ ಖರ್ಚಿನ, ಹೆಚ್ಚು ಕಡೆ ಸಾಧ್ಯವಾಗುವ ದಾರಿ. ಕರಾವಳಿಯ ಜಂಬಿಟ್ಟಿಗೆ ಮಣ್ಣು ಹುಳಿ. ಹುಳಿ ಮಣ್ಣಿನಲ್ಲಿ ಸೀಸ, ಕ್ಯಾಡ್ಮಿಯಂ ಸುಲಭವಾಗಿ ಕರಗಿ ಬೇರಿಗೆ ಸಿಗುತ್ತವೆ. ಕೃಷಿ ಸುಣ್ಣ ಹಾಕಿ ಹುಳಿ ಇಳಿಸಿದರೆ ಅವು ಮಣ್ಣಿಗೇ ಅಂಟಿಕೊಳ್ಳುತ್ತವೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಗಾಳಿಯಾಡದಂತೆ ಸುಟ್ಟ ಇದ್ದಿಲಪುಡಿ ಕೂಡ ಹಿಡಿದಿಡುತ್ತವೆ. ಮೇಲೆ ಲಾವಂಚದಂಥ ಆಳಬೇರಿನ ಹುಲ್ಲು ಹಾಕಿದರೆ ಮಳೆಗೆ ಮಣ್ಣು ಕೊಚ್ಚಿಹೋಗುವುದಿಲ್ಲ, ಬೇಸಿಗೆಯಲ್ಲಿ ದೂಳೇಳುವುದಿಲ್ಲ. ಕಾರ್ಕಳದಿಂದ ಘಟ್ಟ ಹತ್ತಿದರೆ ಸಿಗುವ ಕುದುರೆಮುಖದಲ್ಲಿ ಗಣಿ 2005ರ ಕೊನೆಗೆ ನಿಂತಿತು. ಅದಿರು ತೊಳೆದ ಹೂಳು ಲಖ್ಯಾ ಅಣೆಕಟ್ಟೆಯ ಹಿಂದೆ ಇವತ್ತಿಗೂ ಇದೆ. ಅಂಥ ಕಡೆ ಹುಲ್ಲು, ಗಿಡಗಳಿಂದ ನಿರೀಕ್ಷಿಸಬೇಕಾದ್ದು ಹೂಳು ಜರುಗದಂತೆ ಹಿಡಿಯುವುದನ್ನು ಮಾತ್ರ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೂ ಸೈನೈಡ್ ದಿಬ್ಬಗಳ ದೂಳು ಗಾಳಿಗೆ ಏಳುತ್ತದೆ. ಅಲ್ಲಿಯೂ ಮೊದಲ ಕೆಲಸ ದೂಳನ್ನು ಹಿಡಿಯುವುದೇ.

ಆದರೆ ಸುಣ್ಣವೂ ಸರ್ವರೋಗಕ್ಕೆ ಮದ್ದಲ್ಲ. ಆರ್ಸೆನಿಕ್ ಇದ್ದರೆ ಸುಣ್ಣ ಹೆಚ್ಚಾದಷ್ಟೂ ಅದು ಬಿಡಿಸಿಕೊಂಡು ಓಡಾಡಬಹುದು. ರಂಜಕದ ಗೊಬ್ಬರವೂ ಹಾಗೆಯೇ. ಗದ್ದೆಯಲ್ಲಿ ನೀರು ನಿಂತರೆ ಆರ್ಸೆನಿಕ್ ಭತ್ತಕ್ಕೆ ಹೆಚ್ಚು ಸಿಗುತ್ತದೆ, ನೀರು ಬಸಿದರೆ ಕ್ಯಾಡ್ಮಿಯಂ ಹೆಚ್ಚು ಸಿಗುತ್ತದೆ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ. ಪರೀಕ್ಷೆ ಮಾಡಿಸದೆ ಯಾರೋ ಹೇಳಿದರೆಂದು ಲಾರಿಗಟ್ಟಲೆ ಏನನ್ನಾದರೂ ತಂದು ಸುರಿಯುವುದು ಅಪಾಯ ಎನ್ನುವುದು ಇದಕ್ಕೇ. ಪೇಟೆಯ ಕಸದಿಂದ ಮಾಡಿದ ಗೊಬ್ಬರವನ್ನೂ ಹೀಗೇ ನೋಡಬೇಕು. ಬೇರ್ಪಡಿಸದ ಕಸದಲ್ಲಿ ಬ್ಯಾಟರಿ, ಬಣ್ಣದ ಡಬ್ಬಿ, ಟ್ಯೂಬ್‌ಲೈಟ್ ಎಲ್ಲ ಕೊಳೆತಿರುತ್ತವೆ. ಪುಕ್ಕಟೆ ಸಿಕ್ಕಿತೆಂದು ಹೊಲಕ್ಕೆ ಹಾಕಿದರೆ ಇಲ್ಲದ ಲೋಹವನ್ನು ನಾವೇ ತಂದು ಹಾಕಿದಂತೆ.

ಪರೀಕ್ಷೆ ಎಂದಾಗ ನಮ್ಮ ರೈತರು ಮಣ್ಣು ಆರೋಗ್ಯ ಚೀಟಿ ತೋರಿಸುತ್ತಾರೆ. 2015ರಲ್ಲಿ ಬಂದ ಒಳ್ಳೆಯ ಯೋಜನೆ. ಅದರಲ್ಲಿ ಹನ್ನೆರಡು ಅಂಶಗಳಿರುತ್ತವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಸೀಸ ಇಲ್ಲ. ಕ್ಯಾಡ್ಮಿಯಂ, ಆರ್ಸೆನಿಕ್, ಕ್ರೋಮಿಯಂ, ಪಾದರಸ ಯಾವುದೂ ಇಲ್ಲ. ಬೆಳೆಗೆ ಏನು ಕಡಿಮೆಯಿದೆ ಎಂದು ಆ ಚೀಟಿ ಹೇಳುತ್ತದೆ. ಉಣ್ಣುವವನಿಗೆ ಏನು ಹೆಚ್ಚಾಗಿದೆ ಎಂದು ಹೇಳುವುದಿಲ್ಲ. ಚೀಟಿ ಇದೆ, ಆದ್ದರಿಂದ ನಮ್ಮ ಮಣ್ಣು ಶುದ್ಧ ಎಂದುಕೊಳ್ಳುವುದು ತಪ್ಪು ತಿಳಿವಳಿಕೆ. ಲೋಹದ ಪರೀಕ್ಷೆಯನ್ನು ಹೆಸರಿಸಿ ಕೇಳಬೇಕು, ಬೇರೆ ಶುಲ್ಕ ಕೊಡಬೇಕು.

ಇದು ಕಾರ್ಖಾನೆಯ ಪಕ್ಕದವರ ಕಷ್ಟ, ನಮಗೇನು ಎನ್ನುವ ಹಾಗೂ ಇಲ್ಲ. ಮಣಿಪಾಲ, ಉಡುಪಿಯ ಕೊಳಚೆ ಸೇರಿ ಇಂದ್ರಾಣಿ ಹೊಳೆ ಕೆಟ್ಟ ದೂರು ವರ್ಷಗಳಿಂದ ಇದೆ. ನಗರದ ಕಸ ಅಲೆವೂರಿನ ಕರ್ವಾಲಿಗೆ ಹೋಗುತ್ತದೆ. ಪೇಟೆಯ ಹಳ್ಳ, ಹೊಳೆ, ಕಸದ ಗುಡ್ಡೆಗಳ ಅಂಚಿನಲ್ಲಿ ಜಾಗ ಅಗ್ಗ. ಅಗ್ಗದ ಜಾಗದಲ್ಲಿ ಶೆಡ್ಡು ಹಾಕಿಕೊಳ್ಳುವವರು ನಮ್ಮ ಬಯಲುಸೀಮೆಯ ಕೂಲಿಗಳು. ಊರಿನ ರುಚಿ ಬಿಡಲಾರದೆ ಶೆಡ್ಡಿನ ಪಕ್ಕ ನಾಲ್ಕು ಮಡಿ ಮೆಂತ್ಯೆ, ರಾಜಗಿರಿ ಹಾಕಿಕೊಳ್ಳುತ್ತಾರೆ. ಲೋಹವನ್ನು ಬೇಗ ಎತ್ತುವುದು ಸೊಪ್ಪಿನ ಜಾತಿಯೇ, ಕಾಯಿ, ಹಣ್ಣುಗಳಲ್ಲಿ ಕಡಿಮೆ. ಸಾಸಿವೆ ಲೋಹ ಹೀರುತ್ತದೆ ಎಂದು ಹೊಗಳುವ ನಾವು ಅದೇ ಗುಣ ಊಟದ ತಟ್ಟೆಯಲ್ಲಿ ಏನು ಮಾಡುತ್ತದೆಂದು ಯೋಚಿಸಬೇಕು.

ದಾಸೋಹಕ್ಕೂ ಈ ಮಾತು ಅನ್ವಯಿಸುತ್ತದೆ. ನಮ್ಮ ಮಠಗಳಲ್ಲಿ ಸಾವಿರಾರು ಮಕ್ಕಳು ಉಣ್ಣುತ್ತಾರೆ. ಭಕ್ತರು ಅಕ್ಕಿ, ಜೋಳ, ಕಾಯಿಪಲ್ಲೆ ಹೇರಿಕೊಂಡು ಬಂದು ಕೊಡುತ್ತಾರೆ. ಭಕ್ತಿಯಿಂದ ಬಂದದ್ದು ಪ್ರಸಾದ ಎನ್ನುತ್ತೇವೆ. ಪ್ರಸಾದವೆಂಬ ಭಾವ ಕ್ಯಾಡ್ಮಿಯಂ ಅನ್ನು ಕರಗಿಸುವುದಿಲ್ಲ. ಸೀಸ ಎಲ್ಲರಿಗಿಂತ ಹೆಚ್ಚು ಹಾನಿ ಮಾಡುವುದು ಬೆಳೆಯುವ ಮಕ್ಕಳ ಮಿದುಳಿಗೆ.

ಕಂಪನಿಗಳ ವಿಚಾರದಲ್ಲೂ ಎಚ್ಚರ ಬೇಕು. ಮಣ್ಣು ಕೆಡಿಸಿದವರೇ ಬೇಲಿಯ ಸುತ್ತ ಹಸಿರು ಪಟ್ಟಿ ಬೆಳೆಸಿ, ಉದ್ಘಾಟನೆಗೆ ಸ್ವಾಮಿಗಳನ್ನು ಕರೆಯುವ ಪದ್ಧತಿ ಎಲ್ಲ ಕಡೆ ಬೆಳೆಯುತ್ತಿದೆ. ಹೊಗೆ, ಸೋರಿಕೆ ನಿಲ್ಲದೆ ಮಾಡಿದ ಹಸಿರು ಪಟ್ಟಿ ಪಾಪ ಮಾಡಿ ಗಂಗೆಯಲ್ಲಿ ಮುಳುಗುವ ಹಳೆಯ ಲೆಕ್ಕದ್ದೇ. ಮುಳುಗೆದ್ದರೆ ಪಾಪ ಹೋಗುವುದಿಲ್ಲ ಎಂದು ಸಾರಿದ ಪರಂಪರೆಯ ಪೂಜ್ಯರು ಅಂಥ ವೇದಿಕೆ ಹತ್ತುವ ಮೊದಲು ಮಣ್ಣಿನ ವರದಿ, ನೀರಿನ ವರದಿ ಎಲ್ಲಿ ಎಂದು ಕೇಳಬೇಕು. ವರದಿ ತೋರಿಸದಿದ್ದರೆ ಹೋಗಬಾರದು. ಇದು ಕಟುವಾಯಿತು ಎನ್ನುವವರಿಗೆ ಎಲ್ಲೂರಿನ ಕಡೆ ಒಮ್ಮೆ ಬಂದು ಬಾವಿಯ ನೀರು ಕುಡಿದು ನೋಡಿ ಎನ್ನುವೆ.

ಮಠ ಅನುಭಾವದ ಜಾಗ, ಮಣ್ಣಿನ ಪರೀಕ್ಷೆ ಸರ್ಕಾರದ್ದು ಎಂದು ಹಿರಿಯರೊಬ್ಬರು ನನಗೆ ಹೇಳಿದರು. ಸರ್ಕಾರದ್ದೇ, ಸಂಶಯವಿಲ್ಲ. ಶಾಲೆ ತೆರೆಯುವುದೂ ಸರ್ಕಾರದ್ದೇ ಆಗಿತ್ತು. ನಮ್ಮ ಮಠಗಳು ಕಾಯಲಿಲ್ಲ, ಹಾಸ್ಟೆಲ್ ಕಟ್ಟಿ ಅನ್ನ ಹಾಕಿ ಓದಿಸಿದವು. ಇವತ್ತು ಅವೇ ಮಠಗಳಿಗೆ ಎಂಜಿನಿಯರಿಂಗ್ ಕಾಲೇಜುಗಳಿವೆ, ರಸಾಯನಶಾಸ್ತ್ರದ ಪ್ರಯೋಗಾಲಯಗಳಿವೆ, ಅಧ್ಯಾಪಕರಿದ್ದಾರೆ, ಎಕರೆಗಟ್ಟಲೆ ಜಮೀನಿದೆ. ಒಂದು ಜಮೀನಿನ ಮಣ್ಣನ್ನು ಪರೀಕ್ಷಿಸಿ ಫಲಿತಾಂಶವನ್ನು ಮಠದ ಬಾಗಿಲಲ್ಲಿ ಅಂಟಿಸಲು ಯಾರ ಅಪ್ಪಣೆಯೂ ಬೇಡ.

ನಾನು ಕೇಳುವುದು ಇಷ್ಟು. ಈ ವರ್ಷದ ಬಸವ ಜಯಂತಿಯ ಹೊತ್ತಿಗೆ ಪ್ರತಿ ಮಠ ತನ್ನ ದಾಸೋಹಕ್ಕೆ ಕಾಯಿಪಲ್ಲೆ ಬೆಳೆಯುವ ಜಮೀನಿನ ನಾಲ್ಕಾರು ಕಡೆಯಿಂದ ಮೇಲಿನ ಅರ್ಧ ಅಡಿ ಮಣ್ಣು ತೆಗೆದು, ಬೆರೆಸಿ, ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಕ್ರೋಮಿಯಂಗೆ ಪರೀಕ್ಷೆ ಮಾಡಿಸಲಿ. ಬಾವಿಯ ನೀರಿನ ಲವಣಾಂಶವನ್ನು ಮಳೆಗಾಲದ ಮೊದಲು ಮತ್ತು ನಂತರ ಅಳೆಯಲಿ. ಕರಾವಳಿಯವರಿಗೆ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರ ಹತ್ತಿರ ಇದೆ, ಬಯಲುಸೀಮೆಯವರಿಗೆ ಧಾರವಾಡ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳಿವೆ. ಅಲ್ಲಿಯವರನ್ನು ಕೇಳಿದರೆ ಯಾವ ಪರೀಕ್ಷೆ ಎಲ್ಲಿ ಆಗುತ್ತದೆಂದು ಹೇಳುತ್ತಾರೆ. ಮಣ್ಣು ಶುದ್ಧವಿದ್ದರೆ ಸಂತೋಷ, ಅದನ್ನೂ ಪ್ರಕಟಿಸಲಿ. ಕೆಟ್ಟಿದ್ದರೆ ಆ ಮಡಿಯಲ್ಲಿ ಸೊಪ್ಪು ನಿಲ್ಲಿಸಿ, ವರದಿಗೆ ತಕ್ಕ ಮದ್ದು ಹಾಕಿ, ಲಾವಂಚವನ್ನೋ ಹೂವನ್ನೋ ಬೆಳೆಯಲಿ. ಕೊಯ್ದ ಸೊಪ್ಪೆಯನ್ನು ತೂಗಿ, ದಿನಾಂಕ ಹಾಕಿ, ಎಲ್ಲಿಗೆ ಕಳಿಸಿದೆವು ಎಂದು ಒಂದು ಪುಸ್ತಕದಲ್ಲಿ ಬರೆದಿಡಲಿ. ಹಾಸ್ಟೆಲ್ ಹುಡುಗರೇ ಆ ಪುಸ್ತಕ ಬರೆಯಲಿ. ಒಂಬತ್ತು ವರ್ಷದ ಕೆಲಸವಾದರೆ ಎಂಟನೆಯ ತರಗತಿಯ ಹುಡುಗ ಆರಂಭಿಸಿದ್ದನ್ನು ಅವನ ನಂತರ ಬಂದವನು ಮುಗಿಸುತ್ತಾನೆ.

ಎಲ್ಲೂರಿನ ಆ ಮಲ್ಲಿಗೆ ಬೆಳೆಗಾರರ ಮಣ್ಣಿನ ಲವಣಾಂಶದ ಫಲಿತಾಂಶ ಬಂದಿದೆ. ಮುಂದಿನ ಪರೀಕ್ಷೆ ಮಳೆಗಾಲ ಕಳೆದ ಮೇಲೆ, ಅಕ್ಟೋಬರ್‌ನಲ್ಲಿ. ಆಗಲೂ ಉಪ್ಪು ಇಳಿದಿರದಿದ್ದರೆ ಗಿಡದ ಮಾತು ಆಮೇಲೆ, ಎರಡು ವರದಿಗಳನ್ನೂ ಹಿಡಿದು ಅವರೊಡನೆ ಪಂಚಾಯತಿಗೆ ಹೋಗುವವನಿದ್ದೇನೆ. ಉಡುಪಿ ಸುತ್ತಲಿನ ಶರಣ ಬಂಧುಗಳು ಜೊತೆಗೆ ಬರುವುದಾದರೆ ಬನ್ನಿ.